ಅರ್ಧ ಗಂಟೆಯ ಬುದ್ಧಿಶಕ್ತಿ ಪರೀಕ್ಷೆ: ಯಾರಿಗೆ ಯಾವುದು ಹೊಂದುತ್ತದೆ?

ಸಂಕ್ಷಿಪ್ತ ಬುದ್ಧಿಶಕ್ತಿ ಪರೀಕ್ಷೆಗಳನ್ನು ಹೋಲಿಸಲು ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಇವುಗಳಲ್ಲಿ ಯಾವುದು ಪೂರ್ಣ ಪರೀಕ್ಷೆಗೆ ಹೆಚ್ಚು ಹತ್ತಿರದ ಅಂಕವನ್ನು ಕೊಡುತ್ತದೆ ಎಂಬುದು. ಪ್ರಶ್ನೆ ಸಹಜವಾದದ್ದೇ, ಆದರೆ ಅದಕ್ಕೆ ಎಲ್ಲರಿಗೂ ಸಲ್ಲುವ ಒಂದು ಉತ್ತರವಿಲ್ಲ. ಪರೀಕ್ಷೆಯೊಂದು ಚಿಕ್ಕದಾಗುವುದು ಏನನ್ನಾದರೂ ಬಿಡುವುದರಿಂದ. ಹಾಗೆ ಬಿಟ್ಟ ಭಾಗವು ಒಂದು ಗುಂಪಿನವರ ಮಟ್ಟಿಗೆ ಲೆಕ್ಕಕ್ಕೇ ಬಾರದಿರಬಹುದು, ಇನ್ನೊಂದು ಗುಂಪಿನವರ ತೊಂದರೆಯೆಲ್ಲ ಅದರಲ್ಲೇ ಇರಬಹುದು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ವಯಸ್ಕರಿಗಾಗಿ ಇರುವ ಪೂರ್ಣ ಬುದ್ಧಿಶಕ್ತಿ ಪರೀಕ್ಷೆಗಳಲ್ಲಿ ಒಂದಾದ ವೆಕ್ಸ್ಲರ್ ಮಾಪನದ ನಾಲ್ಕನೆಯ ಆವೃತ್ತಿಯಲ್ಲಿ (2008) ಹತ್ತು ಮುಖ್ಯ ಉಪಪರೀಕ್ಷೆಗಳಿದ್ದು, ಅವುಗಳಿಂದ ನಾಲ್ಕು ಸೂಚ್ಯಂಕಗಳು ದೊರೆಯುತ್ತವೆ: ಭಾಷಿಕ ಗ್ರಹಿಕೆ, ದೃಶ್ಯ ತಾರ್ಕಿಕತೆ, ಕೇಳಿದ್ದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಅದರ ಮೇಲೆ ಕೆಲಸ ಮಾಡುವ ಕಾರ್ಯಸ್ಮೃತಿ, ಮತ್ತು ಸಂಸ್ಕರಣದ ವೇಗ. ಇಂದು ಹೆಚ್ಚು ಬಳಕೆಯಲ್ಲಿರುವ ಸಂಕ್ಷಿಪ್ತ ಪರೀಕ್ಷೆಗಳು ಬಹುಪಾಲು ಮೊದಲ ಎರಡನ್ನು ಉಳಿಸಿಕೊಂಡು ಕೊನೆಯ ಎರಡನ್ನು ಕೈಬಿಡುತ್ತವೆ. ಆರೋಗ್ಯವಂತ ವಯಸ್ಕರಲ್ಲಿ ಈ ನಾಲ್ಕೂ ಸಾಮರ್ಥ್ಯಗಳು ಹೆಚ್ಚುಕಡಿಮೆ ಜೊತೆಯಾಗಿ ಸಾಗುವುದರಿಂದ ಎರಡನ್ನು ನೋಡಿ ನಾಲ್ಕನ್ನೂ ಊಹಿಸಿದರೆ ದೊಡ್ಡ ನಷ್ಟವಾಗುವುದಿಲ್ಲ. ಆದರೆ ತಲೆಗೆ ಪೆಟ್ಟಾದವರು, ಸ್ಕಿಜೋಫ್ರೇನಿಯಾ ಇರುವವರು, ಗಮನ ನಿಲ್ಲಿಸಲು ಕಷ್ಟಪಡುವ ಎಡಿಎಚ್‌ಡಿ ತೊಂದರೆ ಇರುವ ಮಕ್ಕಳು ಮೊದಲು ಅಂಕ ಕಳೆದುಕೊಳ್ಳುವುದೇ ಸ್ಮೃತಿ ಮತ್ತು ವೇಗದ ಉಪಪರೀಕ್ಷೆಗಳಲ್ಲಿ. ಅವರ ಮೇಲೆ ಸಂಕ್ಷಿಪ್ತ ಪರೀಕ್ಷೆ ನಡೆಸಿದಾಗ ಬರುವ ಅಂಕವು ಪೂರ್ಣ ಪರೀಕ್ಷೆಯ ಅಂಕಕ್ಕಿಂತ ಮೇಲಿರುವ ಸಂಭವ ಹೆಚ್ಚು, ಮತ್ತು ಈ ವ್ಯತ್ಯಾಸವು ಒಂದೇ ದಿಕ್ಕಿನದಾಗಿರುವುದರಿಂದ ಅದನ್ನು ಆಕಸ್ಮಿಕ ದೋಷವೆಂದು ತಳ್ಳಿಹಾಕುವಂತಿಲ್ಲ. ಆದ್ದರಿಂದ ಪರೀಕ್ಷೆಗಳ ಪಟ್ಟಿಯನ್ನು ಮುಂದಿಟ್ಟುಕೊಳ್ಳುವ ಮೊದಲು ಎರಡು ವಿಷಯ ತೀರ್ಮಾನವಾಗಬೇಕು: ಎದುರಿಗಿರುವವರ ಸ್ಥಿತಿ ಯಾವ ಸಾಮರ್ಥ್ಯಕ್ಕೆ ಧಕ್ಕೆ ತಂದಿರಬಹುದು, ಮತ್ತು ಬರುವ ಅಂಕದ ಮೇಲೆ ಯಾವ ನಿರ್ಧಾರ ನಿಂತಿದೆ.

ಅಂಕದ ಸುತ್ತಲಿನ ಅಂತರ

ಐಕ್ಯೂ ಮಾಪನಗಳಲ್ಲಿ ಸರಾಸರಿ 100, ಅಂಕಗಳ ಹರಹನ್ನು ಹೇಳುವ ಮಾನಕ ವಿಚಲನೆ 15 ಎಂಬುದು ರೂಢಿ. ಪರೀಕ್ಷೆಯ ವಿಶ್ವಾಸಾರ್ಹತೆ, ಅಂದರೆ ಅದರ ಅಂಕ ಎಷ್ಟು ಸ್ಥಿರ ಎಂಬುದರ ಅಳತೆ (ಗರಿಷ್ಠ 1), 0.97 ಇದ್ದರೆ ಒಂದು ಅಂಕದ ಮಾಪನ ದೋಷ ಸುಮಾರು 2.6 ಆಗುತ್ತದೆ, 0.90 ಇದ್ದರೆ ಅದು ಸುಮಾರು 4.7ಕ್ಕೆ ಏರುತ್ತದೆ. ಕಾಗದದ ಮೇಲೆ ಸಣ್ಣದಾಗಿ ತೋರುವ ಈ ಅಂತರವನ್ನು ಒಬ್ಬ ವ್ಯಕ್ತಿಯ ವರದಿಗೆ ಅನ್ವಯಿಸಿ ನೋಡಬೇಕು. 74 ಅಂಕ ಬಂದವರೊಬ್ಬರ ನಿಜವಾದ ಅಂಕವು ಶೇಕಡಾ 95ರ ವಿಶ್ವಾಸದಲ್ಲಿ, ಮೊದಲ ಪರೀಕ್ಷೆಯ ಪ್ರಕಾರ 69ರಿಂದ 79ರ ನಡುವೆ ಇರುತ್ತದೆ, ಎರಡನೆಯದರ ಪ್ರಕಾರ 65ರಿಂದ 83ರ ನಡುವೆ ಇರುತ್ತದೆ. ಎರಡನೆಯ ವ್ಯಾಪ್ತಿಯ ಕೆಳತುದಿಯಲ್ಲಿರುವವರಿಗೂ ಮೇಲ್ತುದಿಯಲ್ಲಿರುವವರಿಗೂ ದೊರೆಯಬೇಕಾದ ಸೇವೆಗಳೇ ಬೇರೆ. ಈ ಲೆಕ್ಕ ಕೇವಲ ತಜ್ಞರ ಚರ್ಚೆಯ ವಸ್ತುವಲ್ಲ ಎಂಬುದಕ್ಕೆ ಅಮೆರಿಕದ ಸುಪ್ರೀಂ ಕೋರ್ಟ್ 2014ರಲ್ಲಿ ಹಾಲ್ ವಿರುದ್ಧ ಫ್ಲಾರಿಡಾ ಪ್ರಕರಣದಲ್ಲಿ ಕೊಟ್ಟ ತೀರ್ಪೇ ಸಾಕ್ಷಿ: ಮರಣದಂಡನೆಯ ಪ್ರಕರಣಗಳಲ್ಲಿ ಆರೋಪಿಗೆ ಬೌದ್ಧಿಕ ಅಸಾಮರ್ಥ್ಯವಿದೆಯೇ ಎಂದು ನಿರ್ಧರಿಸುವಾಗ ಮಾಪನ ದೋಷವನ್ನು ಲೆಕ್ಕಿಸದೆ 70ರಲ್ಲೇ ಕಟ್ಟುನಿಟ್ಟಾಗಿ ಗೆರೆ ಎಳೆಯುವಂತಿಲ್ಲ ಎಂದು ಅದು ಹೇಳಿತು.

ಆಯ್ಕೆಗೆ ಸಿಗುವ ಪರೀಕ್ಷೆಗಳು

ವೆಕ್ಸ್ಲರ್ ಕುಟುಂಬದ ಸಂಕ್ಷಿಪ್ತ ಮಾಪನವಾದ ‘ವಾಸಿ’ ಮೊದಲು 1999ರಲ್ಲಿ, ಪರಿಷ್ಕೃತವಾಗಿ 2011ರಲ್ಲಿ ಹೊರಬಂದಿತು. ಕನ್ನಡದ ಕಿವಿಗೆ ಹೆಸರು ಏನೇ ಹೇಳಿದರೂ, ಉಳಿದವಕ್ಕಿಂತ ಇದೇ ವಾಸಿ ಎಂದು ಮೊದಲೇ ತೀರ್ಮಾನಿಸಬೇಕಾಗಿಲ್ಲ. ಆರರಿಂದ 90 ವರ್ಷದವರೆಗಿನವರಿಗೆ ಸಲ್ಲುವ ಇದರಲ್ಲಿ ಪದಗಳ ಅರ್ಥ, ಎರಡು ವಸ್ತುಗಳ ಸಾಮ್ಯ, ಬಣ್ಣದ ಘನಗಳ ಜೋಡಣೆ ಮತ್ತು ಚಿತ್ರವಿನ್ಯಾಸದಲ್ಲಿ ಬಿಟ್ಟುಹೋದ ತುಂಡನ್ನು ಹುಡುಕುವ ಮಾತೃಕೆಗಳ ತರ್ಕ ಎಂಬ ನಾಲ್ಕು ಉಪಪರೀಕ್ಷೆಗಳಿದ್ದು, ಅವಕ್ಕೆ ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ಪದಗಳ ಅರ್ಥ ಮತ್ತು ಮಾತೃಕೆಗಳೆರಡನ್ನೇ ನಡೆಸಿದರೆ ಹದಿನೈದು ನಿಮಿಷ ಸಾಕಾಗುತ್ತದೆ. ಮುಂದೆ ಪೂರ್ಣ ವೆಕ್ಸ್ಲರ್ ಪರೀಕ್ಷೆ ನಡೆಸುವ ಸಾಧ್ಯತೆ ಇರುವಲ್ಲಿ ಇದು ಅನುಕೂಲವಾದದ್ದು, ಏಕೆಂದರೆ ಎರಡರ ಹಿಂದಿನ ಕಲ್ಪನೆಯೂ ಅಂಕಗಳ ಭಾಷೆಯೂ ಒಂದೇ. ನಾಲ್ಕು ಭಾಗಗಳ ರೂಪಕ್ಕೂ ಎರಡು ಭಾಗಗಳ ರೂಪಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಕೇವಲ ಸಮಯದ ವ್ಯತ್ಯಾಸವೆಂದು ತಿಳಿಯಬಾರದು. ಎರಡು ಭಾಗಗಳ ರೂಪದಲ್ಲಿ ಭಾಷೆಗೆ ಒಂದು, ದೃಶ್ಯಕ್ಕೆ ಒಂದು ಎಂಬಂತೆ ತಲಾ ಒಂದೇ ಆಧಾರವಿರುವುದರಿಂದ, ಒಂದರಲ್ಲಿ ಮನಸ್ಸು ಸ್ವಲ್ಪ ಅತ್ತಿತ್ತ ಹೋದರೂ ಒಟ್ಟು ಅಂಕ ಅಲುಗಾಡುತ್ತದೆ.

ಅಲನ್ ಕಾಫ್‌ಮನ್ ಮತ್ತು ನದೀನ್ ಕಾಫ್‌ಮನ್ ರೂಪಿಸಿದ ‘ಕೆಬಿಟ್’ 1990ರದು. ಎರಡನೆಯ ಆವೃತ್ತಿ 2004ರಲ್ಲಿ ಬಂದಿತು. ನಾಲ್ಕರಿಂದ 90 ವರ್ಷದವರಿಗೆ ಬಳಸಬಹುದಾದ ಇದಕ್ಕೆ ಸುಮಾರು ಇಪ್ಪತ್ತು ನಿಮಿಷ ಬೇಕು. ಎರಡು ಆವೃತ್ತಿಗಳ ನಡುವಿನ ಒಂದು ಬದಲಾವಣೆ ಈ ಲೇಖನದ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ: ಮೊದಲನೆಯದರಲ್ಲಿ ಅರೆಬರೆ ಅಕ್ಷರಗಳ ಸುಳಿವಿನಿಂದ ಪದವನ್ನು ಗುರುತಿಸುವ ಭಾಗವಿತ್ತು, ಆದ್ದರಿಂದ ಓದಿನ ತೊಂದರೆ ಇರುವವರು ಬುದ್ಧಿಯ ಕೊರತೆಯಿಲ್ಲದೆಯೇ ಅಂಕ ಕಳೆದುಕೊಳ್ಳುವ ಅಪಾಯವಿತ್ತು. ಎರಡನೆಯದರಲ್ಲಿ ಆ ಭಾಗವನ್ನು ತೆಗೆದು, ಚಿತ್ರವನ್ನು ಬೆರಳಿಟ್ಟು ತೋರಿಸುವ ಪ್ರಶ್ನೆಗಳನ್ನೂ ಬಾಯಲ್ಲಿ ಒಂದು ಪದದ ಉತ್ತರ ಹೇಳುವ ಒಗಟುಗಳನ್ನೂ ಇಟ್ಟರು. ಘನ ಜೋಡಿಸುವಂಥ ಕೈಕೆಲಸವೂ ಇದರಲ್ಲಿಲ್ಲ. ಬೆರಳುಗಳ ಚಲನೆ ಸರಾಗವಿಲ್ಲದವರಿಗೆ ‘ವಾಸಿ’ಗಿಂತ ಕೆಬಿಟ್ ಹೆಚ್ಚು ನ್ಯಾಯ ಒದಗಿಸುತ್ತದೆ ಎಂದು ನಾನು ಹೇಳುವುದು ಈ ಕಾರಣಕ್ಕೆ. 2003ರಲ್ಲಿ ಬಂದ ರೆನಾಲ್ಡ್ಸ್ ಅವರ ‘ರಿಸ್ಟ್’ ಇನ್ನೂ ಚಿಕ್ಕದು: ಸುಳಿವಿನಿಂದ ಊಹಿಸುವ ಒಂದು ಭಾಗ, ಗುಂಪಿಗೆ ಸೇರದ ಚಿತ್ರವನ್ನು ಗುರುತಿಸುವ ಇನ್ನೊಂದು ಭಾಗ, ಅಷ್ಟೇ. ಮೂರು ವರ್ಷದ ಮಗುವಿನಿಂದ 94 ವರ್ಷದ ಹಿರಿಯರವರೆಗೆ ಅದರ ವ್ಯಾಪ್ತಿ. ಅದರ ಪೂರ್ಣ ರೂಪದ ಮಾಪನವೂ ಇರುವುದರಿಂದ ಅನುಮಾನ ಬಂದಲ್ಲಿ ಪರೀಕ್ಷೆಯನ್ನು ಮುಂದುವರಿಸಬಹುದು.

ಜಾನ್ ರೇವನ್ 1938ರಲ್ಲಿ ಪ್ರಕಟಿಸಿದ ಮಾತೃಕೆಗಳ ದಾರಿ ಬೇರೆ. ಹನ್ನೆರಡು ಪ್ರಶ್ನೆಗಳ ಐದು ಗುಂಪುಗಳು, ಒಟ್ಟು 60 ವಿನ್ಯಾಸಗಳು; ಪ್ರತಿಯೊಂದರಲ್ಲೂ ಬಿಟ್ಟುಹೋದ ತುಂಡನ್ನು ಆರಿಸಬೇಕು. ಚಿಕ್ಕ ಮಕ್ಕಳಿಗೂ ಹಿರಿಯರಿಗೂ 36 ಪ್ರಶ್ನೆಗಳ ಬಣ್ಣದ ರೂಪವಿದೆ, ಸಾಮಾನ್ಯ ರೂಪವನ್ನು ಸುಲಭವಾಗಿ ಮುಗಿಸುವವರಿಗೆ ಕಠಿಣವಾದ ರೂಪವೂ ಇದೆ. ಮಾತು ಬೇಡ, ಓದು ಬೇಡ, ಗುಂಪಿನಲ್ಲೂ ನಡೆಸಬಹುದು. ಆದರೆ ಮಾತು ಬೇಡದ ಪರೀಕ್ಷೆಗೆ ಸಂಸ್ಕೃತಿಯ ಹಂಗೂ ಇಲ್ಲವೆಂದು ಭಾವಿಸುವುದು ಹಳೆಯ ತಪ್ಪು: ಸಾಲು ಮತ್ತು ಕಂಬಗಳಲ್ಲಿ ನಿಯಮ ಹುಡುಕುವುದು ಶಾಲೆಯಲ್ಲಿ ರೂಢಿಯಾಗುವ ವಿದ್ಯೆ, ಮತ್ತು ಜೇಮ್ಸ್ ಫ್ಲಿನ್ ತೋರಿಸಿಕೊಟ್ಟ ಪೀಳಿಗೆಯಿಂದ ಪೀಳಿಗೆಗೆ ಅಂಕ ಏರುವ ವಿದ್ಯಮಾನವು ಅತಿ ಹೆಚ್ಚಾಗಿ ಕಂಡುಬಂದದ್ದು ಇದೇ ಬಗೆಯ ಪರೀಕ್ಷೆಗಳಲ್ಲಿ.

ವಾಲ್ಟರ್ ಶಿಪ್ಲಿಯ 1940ರ ಮಾಪನ ಕಾಗದ ಮತ್ತು ಪೆನ್ಸಿಲಿನದು. 40 ಪದಗಳಿಗೆ ಸಮಾನಾರ್ಥಕಗಳನ್ನು ಆರಿಸುವುದು, 20 ಸರಣಿಗಳನ್ನು ಪೂರ್ಣಗೊಳಿಸುವುದು, ತಲಾ ಹತ್ತು ನಿಮಿಷ. ಪರೀಕ್ಷಕರು ಪಕ್ಕದಲ್ಲಿ ಕುಳಿತು ಒಂದೊಂದೇ ಪ್ರಶ್ನೆ ಕೇಳಬೇಕಾಗಿಲ್ಲದ ಕಾರಣ ಸಮಯದ ಉಳಿತಾಯ ಇದರಲ್ಲಿ ದೊಡ್ಡದು. ಆದರೆ ಉತ್ತರಿಸುವವರು ಬೇಸತ್ತು ಗೀಚುತ್ತಿದ್ದಾರೆಯೇ ಎಂಬುದನ್ನು ನೋಡುವವರೂ ಯಾರಿಲ್ಲ. ಹೇಜಲ್ ನೆಲ್ಸನ್ 1982ರಲ್ಲಿ ಪ್ರಕಟಿಸಿದ ‘ನಾರ್ಟ್’ ಇನ್ನೊಂದು ಬಗೆ. ಕಾಗುಣಿತಕ್ಕೂ ಉಚ್ಚಾರಣೆಗೂ ತಾಳೆಯಾಗದ 50 ಇಂಗ್ಲಿಷ್ ಪದಗಳನ್ನು ಗಟ್ಟಿಯಾಗಿ ಓದಿಸಿ, ಕಾಯಿಲೆ ಬರುವ ಮೊದಲು ವ್ಯಕ್ತಿಯ ಬುದ್ಧಿಮಟ್ಟ ಎಷ್ಟಿದ್ದಿರಬಹುದೆಂದು ಅದು ಅಂದಾಜಿಸುತ್ತದೆ. ಬರೆದಂತೆಯೇ ಓದುವ ಕನ್ನಡದಂಥ ಲಿಪಿಗಳಲ್ಲಿ ಈ ಉಪಾಯ ನಡೆಯದು: ಅಕ್ಷರ ಬಲ್ಲವರು ಅರ್ಥ ತಿಳಿಯದ ಪದವನ್ನೂ ಸರಿಯಾಗಿ ಓದಿಬಿಡುತ್ತಾರೆ.

ಈ ಸಾಲಿಗೆ ಸೇರದಿದ್ದರೂ ಆಗಾಗ ಸೇರಿಸಲಾಗುವ ಎರಡು ಹೆಸರುಗಳಿವೆ: 1975ರ ಎಂಎಂಎಸ್‌ಇ ಮತ್ತು 2005ರ ಮೋಕಾ. ಎರಡೂ 30 ಅಂಕಗಳವು, ಎರಡೂ ಅರಿವಿನ ಶಕ್ತಿ ಕುಂದಿದೆಯೇ ಎಂದು ತಿಳಿಯಲು ಇರುವಂಥವು. ಆರೋಗ್ಯವಂತರು ಅವುಗಳಲ್ಲಿ ಮೇಲ್ತುದಿಯ ಸಮೀಪವೇ ನಿಲ್ಲುವುದರಿಂದ ಜಾಣರನ್ನೂ ಸಾಮಾನ್ಯರನ್ನೂ ಅವು ಬೇರ್ಪಡಿಸಲಾರವು. ಅವುಗಳ ಅಂಕವನ್ನು ಐಕ್ಯೂ ಎಂದು ಓದುವುದು ಸಲ್ಲದು.

ಗುಂಪು ಬದಲಾದಂತೆ

ಬೌದ್ಧಿಕ ಅಸಾಮರ್ಥ್ಯದ ಅನುಮಾನವಿರುವಲ್ಲಿ ಸಂಕ್ಷಿಪ್ತ ಪರೀಕ್ಷೆಯ ಪಾತ್ರ ಜರಡಿಯದು ಮಾತ್ರ. ಹೆಚ್ಚಿನ ತಪಾಸಣೆ ಯಾರಿಗೆ ಬೇಕು ಎಂಬುದನ್ನು ಅದು ಹೇಳಬಲ್ಲದು. ರೋಗನಿರ್ಣಯವನ್ನಾಗಲಿ ಪ್ರಮಾಣಪತ್ರವನ್ನಾಗಲಿ ಅದರ ಮೇಲೆ ನಿಲ್ಲಿಸಬಾರದು. ಕಾರಣ ಮಾಪನ ದೋಷವೊಂದೇ ಅಲ್ಲ. ಮನೋರೋಗ ನಿರ್ಣಯದ ಅಮೆರಿಕದ ಕೈಪಿಡಿಯಾದ 2013ರ ಡಿಎಸ್‌ಎಂ-5 ಅಸಾಮರ್ಥ್ಯದ ತೀವ್ರತೆಯನ್ನು ಐಕ್ಯೂ ಅಂಕದಿಂದ ಅಳೆಯುವುದನ್ನು ಬಿಟ್ಟು, ದಿನನಿತ್ಯದ ಬದುಕನ್ನು ನಡೆಸಿಕೊಂಡು ಹೋಗುವ ಶಕ್ತಿಯಿಂದ ಅಳೆಯಬೇಕೆಂದಿತು. ಆ ಶಕ್ತಿಯ ಬಗ್ಗೆ ಮಾತೃಕೆಗಳು ಏನನ್ನೂ ಹೇಳುವುದಿಲ್ಲ. ಅಂಕಗಳ ಕೆಳತುದಿಯಲ್ಲಿ ಇನ್ನೊಂದು ತೊಡಕಿದೆ. ‘ವಾಸಿ’ ಮತ್ತು ಕೆಬಿಟ್ ಎರಡರ ಒಟ್ಟು ಅಂಕವೂ 40ರಿಂದ ಕೆಳಗೆ ಇಳಿಯುವುದಿಲ್ಲ, ಮತ್ತು ಆ ಮಟ್ಟದಲ್ಲಿ ಸುಲಭದ ಪ್ರಶ್ನೆಗಳು ಬೆರಳೆಣಿಕೆಯಷ್ಟೇ ಇರುವುದರಿಂದ ಒಂದು ಉತ್ತರ ಸರಿಯಾಯಿತೋ ತಪ್ಪಾಯಿತೋ ಎಂಬುದರ ಮೇಲೆ ಅಂಕ ಹಲವು ಮೆಟ್ಟಿಲು ಏರಿಳಿಯುತ್ತದೆ.

ಎಡಿಎಚ್‌ಡಿ ಮತ್ತು ಕಲಿಕೆಯ ತೊಂದರೆಗಳ ವಿಷಯದಲ್ಲಿ ಮಾತು ತುಸು ಭಿನ್ನ. ಇಲ್ಲಿ ಸಂಕ್ಷಿಪ್ತ ಪರೀಕ್ಷೆ ಕೊಡುವ ಹೆಚ್ಚಿನ ಅಂಕವನ್ನು ತಪ್ಪು ಎಂದೇ ಕರೆಯಬೇಕೆಂದಿಲ್ಲ. ಮಗುವಿನ ತರ್ಕಶಕ್ತಿ ಎಷ್ಟು ಎಂಬುದೇ ಪ್ರಶ್ನೆಯಾಗಿದ್ದರೆ, ಸ್ಮೃತಿ ಮತ್ತು ವೇಗದ ಹೊರೆಯಿಲ್ಲದ ಅಂಕವೇ ಅದಕ್ಕೆ ಹತ್ತಿರದ ಉತ್ತರ. ತರಗತಿಯಲ್ಲಿ ಮಗು ಏಕೆ ಹಿಂದುಳಿದಿದೆ ಎಂಬುದು ಪ್ರಶ್ನೆಯಾಗಿದ್ದರೆ ಮಾತ್ರ ಅದೇ ಅಂಕ ದಾರಿ ತಪ್ಪಿಸುತ್ತದೆ, ಏಕೆಂದರೆ ಕಾರಣವಿರುವ ಭಾಗವನ್ನೇ ಅದು ನೋಡಿಲ್ಲ. ಡಿಸ್ಲೆಕ್ಸಿಯಾ ಇರುವವರಿಗೆ ಶಿಪ್ಲಿಯಾಗಲಿ ನಾರ್ಟ್ ಆಗಲಿ ಸಲ್ಲದು; ಓದಿನ ಮೂಲಕ ಬುದ್ಧಿಯನ್ನು ಅಳೆಯುವ ಯಾವ ಸಾಧನವೂ ಅವರಿಗೆ ಅನ್ಯಾಯ ಮಾಡುತ್ತದೆ.

ಮನೋರೋಗಗಳ ಚಿಕಿತ್ಸೆಯಲ್ಲಿರುವವರನ್ನು ಕುರಿತು ಯೋಚಿಸುವಾಗ ಕಾಲದ ಆಯಾಮ ಸೇರಿಕೊಳ್ಳುತ್ತದೆ. ತೀವ್ರ ಖಿನ್ನತೆಯಲ್ಲಿ ಆಲೋಚನೆ ನಿಧಾನವಾಗುತ್ತದೆ, ಪ್ರಯತ್ನ ಕುಗ್ಗುತ್ತದೆ. ಆ ಸ್ಥಿತಿಯಲ್ಲಿ ಬಂದ ಅಂಕವು ಆ ವಾರದ ಅಂಕ, ವ್ಯಕ್ತಿಯ ಅಂಕವಲ್ಲ. ಗಡಿಯಾರ ನೋಡದ ಪರೀಕ್ಷೆ ಅವರಿಗೆ ಉತ್ತಮ, ಕೆಲವು ವಾರ ಕಾಯುವುದು ಇನ್ನೂ ಉತ್ತಮ. ಸ್ಕಿಜೋಫ್ರೇನಿಯಾದಲ್ಲಿ ಪದಸಂಪತ್ತು ಮತ್ತು ಓದು ತಕ್ಕಮಟ್ಟಿಗೆ ಉಳಿದುಕೊಂಡು ವೇಗವೂ ಸ್ಮೃತಿಯೂ ಕುಂದಿರುವುದು ಸಾಮಾನ್ಯ. ಅಲ್ಲಿ ಪದಗಳ ಮೇಲೆ ನಿಂತ ಪರೀಕ್ಷೆ ಹೇಳುವುದು ಹೆಚ್ಚಾಗಿ ಹಿಂದಿದ್ದ ಮಟ್ಟವನ್ನು, ಇಂದಿನ ಕೆಲಸದ ಶಕ್ತಿಯನ್ನಲ್ಲ. ಪುನರ್ವಸತಿಗಾಗಿ ಉದ್ಯೋಗ ಸೂಚಿಸುವವರು ಈ ಎರಡನ್ನು ಕಲಸಿಕೊಂಡರೆ, ವ್ಯಕ್ತಿಯ ಕೈಲಾಗದ ಕೆಲಸವನ್ನು ಅವರ ತಲೆಯ ಮೇಲೆ ಹೊರಿಸಿದಂತಾಗುತ್ತದೆ.

ಇದೇ ವ್ಯತ್ಯಾಸವನ್ನು ಶಿಪ್ಲಿ ಲಾಭವಾಗಿ ಪರಿವರ್ತಿಸಲು ಹೊರಟದ್ದು. ಮೆದುಳಿನ ಕ್ಷೀಣತೆಯಲ್ಲಿ ಪದಗಳು ಉಳಿಯುತ್ತವೆ, ಹೊಸದಾಗಿ ತರ್ಕಿಸುವ ಶಕ್ತಿ ಮೊದಲು ಹೋಗುತ್ತದೆ. ಆದ್ದರಿಂದ ಎರಡರ ನಡುವಿನ ಅಂತರವೇ ಕ್ಷೀಣತೆಯ ಗುರುತಾಗಬಹುದು ಎಂಬುದು ಆತನ ಎಣಿಕೆ. ಡಿಮೆನ್ಷಿಯಾದ ಆರಂಭದ ಹಂತದಲ್ಲಿ ಈ ಎಣಿಕೆಯಲ್ಲಿ ಸತ್ಯಾಂಶವಿದೆ, ಆದರೆ ವಯಸ್ಸಾದಂತೆ ಆರೋಗ್ಯವಂತರಲ್ಲೂ ತರ್ಕದ ಅಂಕ ಪದಗಳ ಅಂಕಕ್ಕಿಂತ ಬೇಗ ಇಳಿಯುವುದರಿಂದ, ವಯಸ್ಸಿಗೆ ತಕ್ಕ ಮಾನಕಗಳಿಲ್ಲದೆ, ಅಂದರೆ ಅದೇ ವಯಸ್ಸಿನವರ ಅಂಕಗಳೊಂದಿಗೆ ಹೋಲಿಸದೆ, ಆ ಅಂತರಕ್ಕೆ ಅರ್ಥವಿಲ್ಲ. ಪಾರ್ಶ್ವವಾಯುವಿನಿಂದ ಮಾತು ಹೋದವರಿಗೆ ಪದಗಳ ಪರೀಕ್ಷೆ ನಡೆಸುವುದೇ ವ್ಯರ್ಥ; ರೇವನ್ ನಡೆಸುವುದಾದರೆ ದೃಷ್ಟಿಕ್ಷೇತ್ರದ ಒಂದು ಪಕ್ಕ ಅವರ ಗಮನಕ್ಕೆ ಬರುತ್ತಿದೆಯೇ ಎಂಬುದನ್ನು ಮೊದಲು ನೋಡಬೇಕು. ಎಡಪಕ್ಕದ ಆಯ್ಕೆಗಳನ್ನು ಕಾಣದೇ ಇದ್ದವರ ತಪ್ಪು ಉತ್ತರವು ತರ್ಕದ ತಪ್ಪಲ್ಲ.

ಆಟಿಸಂ ಇರುವವರ ವಿಷಯದಲ್ಲಿ ಪರೀಕ್ಷೆಯ ಆಯ್ಕೆ ಎಷ್ಟು ವ್ಯತ್ಯಾಸ ಮಾಡಬಲ್ಲದು ಎಂಬುದನ್ನು ಮಿಷೆಲ್ ಡಾಸನ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದರು: ಅವರ ಅಧ್ಯಯನದ ಆಟಿಸ್ಟಿಕ್ ಮಕ್ಕಳು ರೇವನ್ ಮಾತೃಕೆಗಳಲ್ಲಿ ವೆಕ್ಸ್ಲರ್ ಮಾಪನಕ್ಕಿಂತ ಸರಾಸರಿ 30 ಪರ್ಸೆಂಟೈಲ್ (ನೂರು ಜನರ ಸಾಲಿನಲ್ಲಿ ಮೂವತ್ತು ಸ್ಥಾನ) ಮೇಲಿದ್ದರು. ನಂತರದ ಎಲ್ಲ ಅಧ್ಯಯನಗಳಲ್ಲೂ ಅಂತರ ಅಷ್ಟು ದೊಡ್ಡದಾಗಿ ಕಾಣಲಿಲ್ಲ. ಆದರೂ ಮಾತು ಕಡಿಮೆಯಿರುವ ಮಗುವಿಗೆ ಪದಗಳ ಅರ್ಥದ ಪರೀಕ್ಷೆಯೊಂದನ್ನೇ ನಡೆಸಿ ಬುದ್ಧಿ ಕಡಿಮೆ ಎಂದು ಬರೆಯುವ ಧೈರ್ಯವನ್ನು ಇದು ಕುಗ್ಗಿಸಬೇಕು. ಇಂಥಲ್ಲಿ ಭಾಷೆಯ ಅಂಕವನ್ನೂ ದೃಶ್ಯದ ಅಂಕವನ್ನೂ ಬೇರೆಬೇರೆಯಾಗಿ ಕೊಡುವ ಪರೀಕ್ಷೆಯನ್ನೇ ಆರಿಸಿ, ಎರಡರ ನಡುವೆ ದೊಡ್ಡ ಅಂತರವಿದ್ದರೆ ಒಟ್ಟು ಅಂಕವನ್ನು ಬರೆಯದೇ ಇರುವುದು ಲೇಸು.

ಕಿವಿ ಕೇಳಿಸದವರಿಗೆ ರೇವನ್‌ನಂಥ ಮಾತಿಲ್ಲದ ಪರೀಕ್ಷೆ ಬೇಕು, ಸೂಚನೆಗಳೂ ಅವರ ಭಾಷೆಯಲ್ಲೇ ಇರಬೇಕು.

ರೋಗಿಗಳಲ್ಲದವರ ಗುಂಪಿನಲ್ಲಿ ಸಂಕ್ಷಿಪ್ತ ಪರೀಕ್ಷೆ ತನ್ನ ನಿಜವಾದ ನೆಲೆಯಲ್ಲಿರುತ್ತದೆ. ಸಂಶೋಧನೆಯಲ್ಲಿ ಎರಡು ಗುಂಪುಗಳ ಸರಾಸರಿ ಬುದ್ಧಿಮಟ್ಟ ಸಮನಾಗಿದೆಯೇ ಎಂದು ನೋಡಲು ‘ವಾಸಿ’ಯ ಎರಡು ಭಾಗಗಳು ಸಾಕು, ಏಕೆಂದರೆ ಅಲ್ಲಿ ಒಬ್ಬೊಬ್ಬರ ಅಂಕದ ದೋಷ ಸರಾಸರಿಯಲ್ಲಿ ಕರಗುತ್ತದೆ. ಉದ್ಯೋಗದ ಆಯ್ಕೆಯಲ್ಲಿ 12 ನಿಮಿಷಕ್ಕೆ 50 ಪ್ರಶ್ನೆಗಳ ವಾಂಡರ್ಲಿಕ್ ಪರೀಕ್ಷೆ ಹಳೆಯ ಹೆಸರು. ಅದು ವೇಗಕ್ಕೆ ಬಹುಮಾನ ಕೊಡುತ್ತದೆ ಎಂಬುದನ್ನು ನೆನಪಿಟ್ಟರೆ ಸಾಕು. ಗುಂಪು ಪರೀಕ್ಷೆಗಳ ಮೂಲವೇ ಇಂಥ ಆಯ್ಕೆಯಲ್ಲಿದೆ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯವು ಸುಮಾರು 17 ಲಕ್ಷ ಜನರನ್ನು ಪರೀಕ್ಷಿಸಿದಾಗ, ಓದು ಬಲ್ಲವರಿಗೆ ಆಲ್ಫಾ, ಬಾರದವರಿಗೆ ಬೀಟಾ ಎಂದು ಎರಡು ರೂಪಗಳನ್ನು ಮಾಡಬೇಕಾಯಿತು. ಒಂದೇ ಪರೀಕ್ಷೆ ಎಲ್ಲರಿಗೂ ಹೊಂದದು ಎಂಬುದು ಆಗಲೇ ತಿಳಿದಿತ್ತು.

ಒಂದೇ ಜರಡಿ, ಎರಡು ಫಲಿತಾಂಶ

ಗುಂಪು ಬದಲಾದಾಗ ಪರೀಕ್ಷೆಯ ಒಳಗೆ ಏನೂ ಬದಲಾಗದೆಯೂ ಅದರ ಫಲಿತಾಂಶದ ಅರ್ಥ ಬದಲಾಗುತ್ತದೆ. ಒಂದು ಕಲ್ಪಿತ ಪರೀಕ್ಷೆ ತೊಂದರೆಯಿರುವ ನೂರರಲ್ಲಿ 90 ಜನರನ್ನು ಹಿಡಿಯುತ್ತದೆ, ತೊಂದರೆಯಿಲ್ಲದ ನೂರರಲ್ಲಿ 90 ಜನರನ್ನು ಸರಿಯಾಗಿ ಬಿಟ್ಟುಬಿಡುತ್ತದೆ ಎಂದುಕೊಳ್ಳೋಣ. ಸಾಮಾನ್ಯ ಶಾಲೆಗಳ ಸಾವಿರ ಮಕ್ಕಳಲ್ಲಿ 20 ಮಕ್ಕಳಿಗೆ ತೊಂದರೆಯಿದ್ದರೆ ಅದು 18 ಮಕ್ಕಳನ್ನು ಸರಿಯಾಗಿ ಗುರುತಿಸುತ್ತದೆ, ಜೊತೆಗೆ ತೊಂದರೆಯಿಲ್ಲದ 98 ಮಕ್ಕಳನ್ನೂ ಹಿಡಿಯುತ್ತದೆ. ಅಂದರೆ ಸಿಕ್ಕಿಬಿದ್ದ 116 ಮಕ್ಕಳಲ್ಲಿ ಆರರಲ್ಲಿ ಒಂದಕ್ಕೂ ಕಡಿಮೆ ಪಾಲು ಮಾತ್ರ ನಿಜ. ಅದೇ ಪರೀಕ್ಷೆಯನ್ನು, ಬಂದ ಸಾವಿರ ಜನರಲ್ಲಿ ಶೇಕಡಾ 30ರಷ್ಟು ಜನರಿಗೆ ತೊಂದರೆಯಿರುವ ಚಿಕಿತ್ಸಾಲಯದಲ್ಲಿ ನಡೆಸಿದರೆ ಹಿಡಿದ 340 ಜನರಲ್ಲಿ 270 ಜನರ ವಿಷಯದಲ್ಲಿ ಅದು ಸರಿಯಾಗಿರುತ್ತದೆ. ಚಿಕಿತ್ಸಾಲಯದಲ್ಲಿ ಒಪ್ಪಿತವಾದ ಗಡಿ ಅಂಕವನ್ನು ಶಾಲೆಗೆ ಎತ್ತಿಕೊಂಡು ಹೋಗುವವರು ಈ ಲೆಕ್ಕವನ್ನು ಒಮ್ಮೆ ತಾವೇ ಮಾಡಿ ನೋಡಬೇಕು.

ಎರಡು ಪರೀಕ್ಷೆಗಳ ಅಂಕಗಳು ಎಷ್ಟರಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂದು ತೋರಿಸಲು ಕೈಪಿಡಿಗಳಲ್ಲಿ ಹೆಮ್ಮೆಯಿಂದ ಮುದ್ರಿಸುವ ಸಹಸಂಬಂಧದ ಅಂಕಿಗಳಿಗೂ ಇಂಥದೇ ಗತಿ. ಸಂಕ್ಷಿಪ್ತ ಪರೀಕ್ಷೆಗೂ ಪೂರ್ಣ ಪರೀಕ್ಷೆಗೂ ಸಹಸಂಬಂಧ 0.90 ಇದ್ದರೂ, ಒಂದರಿಂದ ಇನ್ನೊಂದನ್ನು ಊಹಿಸುವಾಗ ಶೇಕಡಾ 95ರ ವ್ಯಾಪ್ತಿ ಎರಡೂ ಕಡೆಗೆ ಸುಮಾರು 13 ಅಂಕಗಳಷ್ಟು ಹರಡುತ್ತದೆ. ಅಲ್ಲದೆ ಒಂದು ಪರೀಕ್ಷೆ ಯಾವಾಗಲೂ ಆರು ಅಂಕ ಹೆಚ್ಚು ಕೊಡುತ್ತಿದ್ದರೂ ಸಹಸಂಬಂಧಕ್ಕೆ ಅದು ಕಾಣುವುದಿಲ್ಲ; ಅದನ್ನು ತಿಳಿಯಲು ಎರಡರ ಸರಾಸರಿಗಳನ್ನೂ ವ್ಯಕ್ತಿಗತ ವ್ಯತ್ಯಾಸಗಳನ್ನೂ ನೋಡಬೇಕು. ಗುಂಪಿನೊಳಗಿನ ಹರಹು ಕೂಡ ಮುಖ್ಯ. ಎಲ್ಲ ಮಟ್ಟದವರೂ ಇರುವ ಗುಂಪಿನಲ್ಲಿ 0.85 ಇರುವ ಸಹಸಂಬಂಧವು, ಮಾನಕ ವಿಚಲನೆ 9ಕ್ಕೆ ಇಳಿದ ಕಾಲೇಜು ವಿದ್ಯಾರ್ಥಿಗಳ ಗುಂಪಿನಲ್ಲಿ ಸುಮಾರು 0.70ಕ್ಕೆ ಇಳಿಯುತ್ತದೆ. ಹೀಗಾಗಿ ಯಾವ ಗುಂಪಿನಲ್ಲಿ ಲೆಕ್ಕ ಹಾಕಲಾಯಿತೆಂದು ಹೇಳದ ಅಂಕಿಗಳಿಂದ ಎರಡು ಪರೀಕ್ಷೆಗಳನ್ನು ಹೋಲಿಸಲು ಬರುವುದಿಲ್ಲ. ಪೂರ್ಣ ಪರೀಕ್ಷೆಯೊಳಗಿನಿಂದಲೇ ಕೆಲವು ಭಾಗಗಳನ್ನು ಆಯ್ದು ಅದನ್ನು ಪೂರ್ಣದೊಂದಿಗೆ ಹೋಲಿಸಿದ ಅಧ್ಯಯನಗಳನ್ನು ಇನ್ನೂ ಎಚ್ಚರಿಕೆಯಿಂದ ಓದಬೇಕು: ಎರಡೂ ಕಡೆ ಅದೇ ಉತ್ತರಗಳು, ಅದೇ ತಪ್ಪುಗಳು ಇರುವುದರಿಂದ ಅಲ್ಲಿನ ಹೊಂದಾಣಿಕೆ ಊದಿಕೊಂಡಿರುತ್ತದೆ.

ಮಾನಕಗಳ ವಿಷಯದಲ್ಲಿ ಎರಡು ಮಾತು. ಇಪ್ಪತ್ತನೆಯ ಶತಮಾನದಲ್ಲಿ ಹಲವು ದೇಶಗಳಲ್ಲಿ ಅಂಕಗಳು ದಶಕಕ್ಕೆ ಸುಮಾರು ಮೂರರಂತೆ ಏರಿದ್ದರಿಂದ, ಹಳೆಯ ಮಾನಕಗಳಿರುವ ಪರೀಕ್ಷೆ ಹೆಚ್ಚಿನ ಅಂಕ ಕೊಡುತ್ತದೆ. ಹಳೆಯ ಸಂಕ್ಷಿಪ್ತ ಪರೀಕ್ಷೆಯನ್ನು ಹೊಸ ಪೂರ್ಣ ಪರೀಕ್ಷೆಯೊಂದಿಗೆ ಹೋಲಿಸಿ ವ್ಯಕ್ತಿಯ ಬುದ್ಧಿ ಕುಸಿದಿದೆ ಎಂದು ತೀರ್ಮಾನಿಸಿದವರು ಮಾನಕಗಳ ವಯಸ್ಸನ್ನು ಅಳೆದಿರುತ್ತಾರೆ. ಮತ್ತು ಪದಗಳ ಪರೀಕ್ಷೆಯನ್ನು ಇನ್ನೊಂದು ಭಾಷೆಗೆ ತಂದಾಗ ಪದಗಳು ಬರುತ್ತವೆ, ಅವುಗಳ ಕಾಠಿಣ್ಯದ ಕ್ರಮ ಬರುವುದಿಲ್ಲ. ಸ್ಥಳದಲ್ಲೇ ಅನುವಾದಿಸಿಕೊಂಡು ಕೇಳಿದ ಪ್ರಶ್ನೆಗಳಿಗೆ ಮೂಲದ ಮಾನಕಗಳಿಂದ ಅಂಕ ಕೊಟ್ಟ ವರದಿಗಿಂತ, ಅಂಕವೇ ಇಲ್ಲದೆ ಗಮನಿಸಿದ್ದನ್ನು ಬರೆದ ವರದಿ ನನಗೆ ಹೆಚ್ಚು ಉಪಯುಕ್ತವೆನಿಸಿದೆ.

ಪರೀಕ್ಷೆಯ ಹೆಸರೇ ಇಲ್ಲದೆ ‘ಐಕ್ಯೂ 82’ ಎಂದಷ್ಟೇ ಬರೆದ ಕಾಗದಗಳು ನನ್ನ ಕೈಗೆ ಬಂದದ್ದುಂಟು. ಸಂಕ್ಷಿಪ್ತ ಪರೀಕ್ಷೆ ನಡೆಸಿದವರು ಕನಿಷ್ಠ ಇಷ್ಟನ್ನಾದರೂ ದಾಖಲಿಸಬೇಕು: ಪರೀಕ್ಷೆಯ ಹೆಸರು ಮತ್ತು ಆವೃತ್ತಿ, ಎಷ್ಟು ಉಪಪರೀಕ್ಷೆಗಳನ್ನು ನಡೆಸಲಾಯಿತು, ಯಾವ ಭಾಷೆಯಲ್ಲಿ, ಅಂಕದ ವಿಶ್ವಾಸ ವ್ಯಾಪ್ತಿ ಎಷ್ಟು, ಆ ದಿನ ವ್ಯಕ್ತಿ ಯಾವ ಔಷಧದಲ್ಲಿದ್ದರು ಮತ್ತು ಹೇಗೆ ಸಹಕರಿಸಿದರು, ಸ್ಮೃತಿ ಹಾಗೂ ವೇಗವನ್ನು ನೋಡಲಾಗಿದೆಯೇ ಇಲ್ಲವೇ. ಕೊನೆಯದನ್ನು ವರದಿಯ ತುದಿಯ ಸಣ್ಣಕ್ಷರಗಳಿಗೆ ಬಿಡದೆ ಅಂಕದ ಪಕ್ಕದಲ್ಲೇ ಬರೆದರೆ, ಮುಂದೆ ಅದನ್ನು ಓದುವ ಶಿಕ್ಷಕರಿಗಾಗಲಿ ವೈದ್ಯರಿಗಾಗಲಿ ಪೂರ್ಣ ಪರೀಕ್ಷೆಗೆ ಕಳುಹಿಸಬೇಕೇ ಬೇಡವೇ ಎಂಬುದನ್ನು ನಿರ್ಧರಿಸಲು ಮತ್ತೊಬ್ಬರನ್ನು ಕೇಳಬೇಕಾಗಿ ಬರುವುದಿಲ್ಲ.